ಕೈಯಲ್ಲಿ ಅಳೆದರಷ್ಟೇ ಸಾಲದು: ಹುಟ್ಟಿನಿಂದ ಕಿರಿದಾದ ಮಹಾಪಧಮನಿಗೆ ಪ್ರಾಯದಲ್ಲಿಯೂ ಚಿಕಿತ್ಸೆಯುಂಟು

ಕಳೆದ ವರ್ಷದ ಜಾತ್ರಾ ಮಹೋತ್ಸವದ ಅಂಗವಾಗಿ ಶ್ರೀಮಠದ ಆವರಣದಲ್ಲಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ, ದಾಸೋಹದ ಉಗ್ರಾಣಕ್ಕೆ ಅಕ್ಕಿಮೂಟೆ ಹೊರುವ ಸೇವೆಯಲ್ಲಿದ್ದ 28 ವರ್ಷದ ಯುವಕನೊಬ್ಬ ತನ್ನ ಸರದಿಗಾಗಿ ಕುಳಿತಿದ್ದ. ಅಗಲವಾದ ಎದೆ, ತುಂಬಿದ ತೋಳು. ನೋಡಿದವರಾರೂ ಆತನನ್ನು ರೋಗಿಯೆನ್ನುತ್ತಿರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆದಾಗ ರಕ್ತದೊತ್ತಡ 180/100 ಬಂದಿತು. ಪಕ್ಕದಲ್ಲಿದ್ದ ನಮ್ಮನ್ನು ನೋಡಿ ಆತ, “ಬುದ್ಧೀ, ಇದೇನು ಹೊಸದಲ್ಲ. ಏಳು ವರ್ಷದಿಂದ ಮಾತ್ರೆ ನುಂಗ್ತಾ ಇದೀನಿ. ನಮ್ಮಪ್ಪನಿಗೂ ಬಿ.ಪಿ. ಇತ್ತು, ಮನೆತನದ್ದು” ಎಂದ. ಸೇವೆಗೆಂದು ಬಂದಿದ್ದ ಹಿರಿಯ ವೈದ್ಯರು ಅಷ್ಟಕ್ಕೇ ಬಿಡಲಿಲ್ಲ. ಆತನನ್ನು ಮಲಗಿಸಿ, ಒಂದು ಕೈಯ ಬೆರಳುಗಳನ್ನು ಮಣಿಕಟ್ಟಿನ ಮೇಲೂ ಇನ್ನೊಂದು ಕೈಯ ಬೆರಳುಗಳನ್ನು ತೊಡೆಸಂದಿನ ಮೇಲೂ ಇಟ್ಟು ಕಣ್ಣು ಮುಚ್ಚಿ ನಿಂತರು. ತೊಡೆಸಂದಿನ ನಾಡಿ ಕ್ಷೀಣವಾಗಿತ್ತು. ಮಣಿಕಟ್ಟಿನ ನಾಡಿಗಿಂತ ತಡವಾಗಿ ಬಡಿಯುತ್ತಿತ್ತು. ಕಾಲಿನಲ್ಲಿ ರಕ್ತದೊತ್ತಡ ಅಳೆದರೆ ಮೇಲಿನ ಅಂಕಿ 110 ಮಾತ್ರ.

ಏಳು ವರ್ಷಗಳಲ್ಲಿ ಆತ ಕಂಡ ಯಾವ ವೈದ್ಯರೂ ಕಾಲಿನ ಒತ್ತಡವನ್ನು ಅಳೆದಿರಲಿಲ್ಲ. ಯಾರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ನೂರಾರು ಜನ ಕಾದಿರುವ ಕೋಣೆಯಲ್ಲಿ ತೋಳಿಗೆ ಪಟ್ಟಿ ಕಟ್ಟುವುದೇ ದೊಡ್ಡ ಮಾತು. ಆದರೆ ಆತನ ಕಾಯಿಲೆ ಮನೆತನದ್ದಾಗಿರಲಿಲ್ಲ, ಆತನ ಎದೆಯೊಳಗಿನದಾಗಿತ್ತು. ಹೃದಯದಿಂದ ಹೊರಟ ಮುಖ್ಯ ರಕ್ತನಾಳವಾದ ಮಹಾಪಧಮನಿ ಒಂದೆಡೆ ಹುಟ್ಟಿನಿಂದಲೇ ಕಿರಿದಾಗಿತ್ತು. ವೈದ್ಯರು ಇದನ್ನು ‘ಕೋಆರ್ಕ್ಟೇಷನ್’ ಎನ್ನುತ್ತಾರೆ. ಆ ದಿನದ ಬಳಿಕ ನಾವು ತಜ್ಞ ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನು ಭಕ್ತರ ಮುಂದಿಡಬೇಕೆನಿಸಿತು. ಎಳೆಯ ವಯಸ್ಸಿನಲ್ಲಿ ಬಿ.ಪಿ. ಮಾತ್ರೆ ನುಂಗುತ್ತಿರುವವರು ನಮ್ಮ ನಡುವೆ ಕಡಿಮೆಯೇನಿಲ್ಲ.

ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿ ಮೊದಲು ಮೇಲಕ್ಕೇರಿ, ಕೊಡೆಯ ಹಿಡಿಕೆಯಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿಯುತ್ತದೆ. ಬಾಗಿದ ಭಾಗದಿಂದ ತಲೆಗೂ ಎರಡು ತೋಳುಗಳಿಗೂ ಕವಲುಗಳು ಹೊರಡುತ್ತವೆ. ಹೊಟ್ಟೆಯ ಅಂಗಗಳಿಗೆ, ಮೂತ್ರಪಿಂಡಗಳಿಗೆ, ಕಾಲುಗಳಿಗೆ ರಕ್ತ ಹೋಗಬೇಕಾದದ್ದು ಇಳಿಯುವ ಭಾಗದಿಂದ. ಎಡತೋಳಿನ ಕವಲು ಹೊರಟ ಜಾಗದಿಂದ ತುಸುವೇ ಮುಂದೆ ಈ ಇಕ್ಕಟ್ಟು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಉಸಿರಾಟವಿಲ್ಲವಾದ್ದರಿಂದ, ಶ್ವಾಸಕೋಶವನ್ನು ಬಳಸಿಕೊಂಡು ರಕ್ತ ಹಾಯುವ ಒಂದು ಸಣ್ಣ ನಾಳ ಇದೇ ಜಾಗದಲ್ಲಿ ಮಹಾಪಧಮನಿಯನ್ನು ಕೂಡಿಕೊಳ್ಳುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಆ ನಾಳ ಮುಚ್ಚಿಕೊಳ್ಳುತ್ತದೆ. ಇಕ್ಕಟ್ಟು ತೀವ್ರವಾಗಿದ್ದರೆ ಮಗು ಆಗಲೇ ತೀರ ಅಸ್ವಸ್ಥವಾಗಿ ತುರ್ತು ಚಿಕಿತ್ಸೆಗೆ ಬರುತ್ತದೆ. ಅಷ್ಟು ತೀವ್ರವಲ್ಲದಿದ್ದರೆ ಮಗು ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ಆಡುತ್ತದೆ, ಪ್ರಾಯಕ್ಕೆ ಬರುತ್ತದೆ. ಒಳಗಿನ ದೋಷ ಯಾರಿಗೂ ತಿಳಿಯುವುದಿಲ್ಲ. ಹುಟ್ಟಿನಿಂದ ಬರುವ ಹೃದಯದೋಷಗಳಲ್ಲಿ ನೂರಕ್ಕೆ ಐದರಿಂದ ಎಂಟು ಈ ಬಗೆಯವು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು.

ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಖ್ಯ ನಾಲೆಯ ನಡುವೆ ಒಂದೆಡೆ ದಂಡೆ ಕುಸಿದು ನೀರಿನ ದಾರಿ ಕಿರಿದಾಯಿತೆಂದು ಭಾವಿಸಿರಿ. ಮೇಲಿನ ಭಾಗದಲ್ಲಿ ನೀರು ದಂಡೆ ಮೀರುವಷ್ಟು ಏರುತ್ತದೆ; ಕೊನೆಭಾಗದ ಗದ್ದೆಗಳು ಒಣಗುತ್ತವೆ. ಕೊನೆಭಾಗದವರು ನೀರು ಬರುತ್ತಿಲ್ಲವೆಂದು ಕೂಗುತ್ತಾರೆ. ಕೂಗು ಕೇಳಿ ಅಣೆಕಟ್ಟೆಯಲ್ಲಿ ತೂಬನ್ನು ಇನ್ನಷ್ಟು ಎತ್ತಿದರೆ ಮೇಲಿನ ದಂಡೆಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆಯೇ ಹೊರತು ಕುಸಿದ ಜಾಗ ತೆರವಾಗುವುದಿಲ್ಲ. ದೇಹದಲ್ಲಿ ಹೀಗೆ ಕೂಗುವವು ಮೂತ್ರಪಿಂಡಗಳು. ತಮಗೆ ಬರುವ ರಕ್ತದ ಒತ್ತಡ ಕಡಿಮೆಯಾದಾಗ ಅವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಅದರ ಪ್ರಭಾವದಿಂದ ರಕ್ತನಾಳಗಳು ಬಿಗಿಯುತ್ತವೆ, ಉಪ್ಪುನೀರು ದೇಹದಲ್ಲಿ ಉಳಿಯುತ್ತದೆ, ಒತ್ತಡ ಏರುತ್ತದೆ. ಏರಿದ ಒತ್ತಡವನ್ನು ತಾಳಬೇಕಾದವು ಇಕ್ಕಟ್ಟಿನ ಮೇಲ್ಭಾಗದಲ್ಲಿರುವ ಮೆದುಳು, ಕಣ್ಣು ಮತ್ತು ಹೃದಯ.

ದೇಹ ಸುಮ್ಮನೆ ಕೂರುವುದಿಲ್ಲ, ಪಕ್ಕದ ಕಾಲುವೆಗಳನ್ನು ತೋಡಿಕೊಳ್ಳುತ್ತದೆ. ತೋಳಿನ ನಾಳದ ಕವಲುಗಳಿಂದ ಹೊರಟ ರಕ್ತ ಎದೆಯ ಒಳಗೋಡೆಯ ಮತ್ತು ಪಕ್ಕೆಲುಬುಗಳ ಸಣ್ಣ ನಾಳಗಳ ಮೂಲಕ ಸುತ್ತುಬಳಸಿ ಇಕ್ಕಟ್ಟಿನ ಕೆಳಗೆ ಸೇರುತ್ತದೆ. ವರ್ಷಗಳು ಕಳೆದಂತೆ ಈ ಸಣ್ಣ ನಾಳಗಳು ದಪ್ಪವಾಗಿ, ಬಳುಕುತ್ತ, ಪಕ್ಕೆಲುಬುಗಳ ಕೆಳಅಂಚನ್ನೇ ಸವೆಸಿ ಕಚ್ಚುಗಳನ್ನು ಮೂಡಿಸುತ್ತವೆ. ಎದೆಯ ಸಾಧಾರಣ ಎಕ್ಸ್-ರೇ ಚಿತ್ರದಲ್ಲಿಯೇ ಆ ಕಚ್ಚುಗಳು ಕಾಣುತ್ತವೆ, ನೋಡುವ ಕಣ್ಣಿದ್ದರೆ. ಈ ಬಳಸುದಾರಿಯಿಂದಾಗಿಯೇ ರೋಗಿ ವರ್ಷಗಟ್ಟಲೆ ಓಡಾಡಿಕೊಂಡಿರಬಲ್ಲ. ಪದೇ ಪದೇ ತಲೆನೋವು, ಮೂಗಿನಿಂದ ರಕ್ತ, ಪಾದಗಳು ತಣ್ಣಗಿರುವುದು, ಗುಡ್ಡ ಹತ್ತಿದರೆ ಕಾಲು ಸೋತು ಹಿಡಿದುಕೊಳ್ಳುವುದು, ಮೇಲುಮೈ ಪುಷ್ಟವಾಗಿದ್ದು ಕಾಲುಗಳು ಸಣಕಲಾಗಿರುವುದು, ಇವು ಕೆಲವರಲ್ಲಿ ಕಾಣುವ ಲಕ್ಷಣಗಳು. ಅನೇಕರಲ್ಲಿ ಇವೊಂದೂ ಇರುವುದಿಲ್ಲ. ತೋಳಿನ ಬಿ.ಪಿ. ಹೆಚ್ಚಿರುವುದೊಂದೇ ಸುಳಿವು.

ಓಡಾಡಿಕೊಂಡಿದ್ದಾನಲ್ಲ, ಬಿಟ್ಟರೇನು ಎಂದು ಕೇಳುವವರುಂಟು. ಆ ಯುವಕನ ತಾಯಿಯೂ ನಮ್ಮ ಬಳಿ ಅದನ್ನೇ ಕೇಳಿದರು. ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ದೋಷವಿದ್ದವರು ಹೇಗೆ ಬದುಕಿದರು, ಹೇಗೆ ಸತ್ತರು ಎಂಬುದನ್ನು ಬ್ರಿಟನ್ನಿನ ವೈದ್ಯ ಮಾರಿಸ್ ಕ್ಯಾಂಪ್‌ಬೆಲ್ 1970ರಲ್ಲಿ ಕಲೆಹಾಕಿ ಪ್ರಕಟಿಸಿದರು. ಶೈಶವವನ್ನು ದಾಟಿ ಬಂದವರು ಕೂಡ ಸರಾಸರಿ 35 ವರ್ಷಗಳ ಆಸುಪಾಸಿನಲ್ಲಿ ತೀರಿಕೊಂಡಿದ್ದರು. ದುಡಿದು ಸೋತ ಹೃದಯದ ವೈಫಲ್ಯ, ಮಹಾಪಧಮನಿ ಹರಿಯುವುದು, ಹೃದಯದ ಒಳಪದರಕ್ಕೆ ಸೋಂಕು, ಮೆದುಳಿನಲ್ಲಿ ರಕ್ತಸ್ರಾವ, ಈ ನಾಲ್ಕೇ ಬಹುಪಾಲು ಸಾವುಗಳಿಗೆ ಕಾರಣ. ಅಲ್ಲಿಯವರೆಗೆ ದುಡಿಯುತ್ತಲೇ ಇದ್ದು ಒಂದು ದಿನ ಕುಸಿದವರೂ ಅವರಲ್ಲಿದ್ದರು. ತಾಯಿಗೆ ನಾವು ಈ ಅಂಕಿಗಳನ್ನು ಹೇಳಲಿಲ್ಲ, ಹೇಳಬಾರದೆಂದಲ್ಲ, ಆಗ ಹೇಳುವ ಹೊತ್ತಾಗಿರಲಿಲ್ಲ. ಆದರೆ ವಿಭೂತಿ, ತೀರ್ಥ ಬೇಡಿ ಬಂದ ಅವರಿಗೆ ಅವೆರಡನ್ನೂ ಕೊಟ್ಟು, ಮಗನನ್ನು ಆ ವಾರವೇ ಹೃದ್ರೋಗ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕಟ್ಟಪ್ಪಣೆ ಮಾಡಿದೆವು. ಕಾಯಕವನ್ನು ಬದುಕಿನ ನಡುಗಂಬವಾಗಿ ನಿಲ್ಲಿಸಿದ ಶರಣ ಪರಂಪರೆಯಲ್ಲಿ ಕಾಯದ ಅಲಕ್ಷ್ಯಕ್ಕೆ ಸಮರ್ಥನೆಯಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಮಲಗಿ ಐದು ನಿಮಿಷ ವಿಶ್ರಮಿಸಿದ ಬಳಿಕ ಬಲತೋಳಿನಲ್ಲಿ ಒಮ್ಮೆ, ಕಾಲಿನಲ್ಲಿ ಒಮ್ಮೆ ಒತ್ತಡವನ್ನು ಅಳೆಯಬೇಕು. ಬಲತೋಳೇ ಏಕೆಂದರೆ, ಕೆಲವರಲ್ಲಿ ಇಕ್ಕಟ್ಟು ಎಡತೋಳಿನ ಕವಲನ್ನೂ ತಟ್ಟಿರುತ್ತದೆ. ತೊಡೆಗೆ ಕಟ್ಟುವುದಾದರೆ ಅಗಲವಾದ ಪಟ್ಟಿ ಬೇಕು. ಆರೋಗ್ಯವಂತರಲ್ಲಿ ಮಲಗಿದಾಗ ಕಾಲಿನ ಮೇಲಿನ ಅಂಕಿ ತೋಳಿನದಕ್ಕೆ ಸಮನಾಗಿ ಅಥವಾ ತುಸು ಹೆಚ್ಚಾಗಿ ಇರುತ್ತದೆ. ತೋಳಿನದೇ 20ಕ್ಕಿಂತ ಹೆಚ್ಚಿದ್ದರೆ ಮುಂದಿನ ತಪಾಸಣೆ ಆಗಲೇಬೇಕು. ಬಳಸುನಾಳಗಳು ಚೆನ್ನಾಗಿ ಬೆಳೆದವರಲ್ಲಿ ಈ ಅಂತರ ಕಡಿಮೆ ತೋರಬಹುದಾದ್ದರಿಂದ ತೊಡೆಸಂದಿನ ನಾಡಿಯನ್ನು ಮುಟ್ಟಿ ನೋಡುವುದೂ ಅಗತ್ಯ. ವಯಸ್ಸಾದವರಲ್ಲಿ, ಬಹುಕಾಲ ಬೀಡಿ ಸೇದಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ನಾಳಗಳೇ ಕಟ್ಟಿಕೊಂಡು ಅಲ್ಲಿನ ಒತ್ತಡ ಇಳಿದಿರುವುದುಂಟು. ಅದು ಬೇರೆ ಸಂಗತಿ. ಬಿ.ಪಿ. ಹೆಚ್ಚಿರುವ ಎಳೆಯರಲ್ಲಿ ಮಾತ್ರ ಈ ದೋಷವನ್ನು ಮೊದಲು ಶಂಕಿಸಬೇಕು.

ಶಂಕೆ ಮೂಡಿದ ಮೇಲೆ ಎಕೋ ಪರೀಕ್ಷೆ, ಬಳಿಕ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಇಕ್ಕಟ್ಟು ಎಲ್ಲಿ, ಎಷ್ಟು ಉದ್ದ, ಎಷ್ಟು ಕಿರಿದು, ಅದರ ಹಿಂದೆ ಮುಂದೆ ಗೋಡೆ ಉಬ್ಬಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಹೃದಯದ ಬಾಗಿಲಲ್ಲಿರುವ ಮಹಾಪಧಮನಿಯ ಕವಾಟಕ್ಕೆ ಮೂರು ದಳಗಳಿರಬೇಕು. ಈ ದೋಷವಿರುವವರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರಿಗೆ ಎರಡೇ ಇರುತ್ತವೆ. ಕಾಲಕ್ರಮೇಣ ಆ ಕವಾಟವೂ ಕೆಡಬಹುದಾದ್ದರಿಂದ ಅದನ್ನೂ ಗಮನಿಸುತ್ತಾರೆ. ನಮ್ಮ ದೇಶದಲ್ಲಿ ಇನ್ನೊಂದನ್ನು ವಿಶೇಷವಾಗಿ ವಿಂಗಡಿಸಬೇಕಾಗುತ್ತದೆ. ತಕಾಯಾಸು ಎಂಬ, ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪಗಾಗುವ ರೋಗವೂ ಮಹಾಪಧಮನಿಯನ್ನು ಕಿರಿದಾಗಿಸುತ್ತದೆ. ಎಳೆಯ ಹೆಣ್ಣುಮಕ್ಕಳಲ್ಲಿ ಅದು ಹೆಚ್ಚು. ಅದು ಹುಟ್ಟಿನಿಂದ ಬಂದದ್ದಲ್ಲ. ಅಲ್ಲಿ ಮೊದಲು ಔಷಧಿಯಿಂದ ಉರಿಯೂತವನ್ನು ತಣಿಸದೆ ನಾಳವನ್ನು ಹಿಗ್ಗಿಸಲು ಹೋದರೆ ಮತ್ತೆ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಹೆಣ್ಣುಮಗಳಿಗೆ ಈ ತೊಂದರೆಯೆಂದು ಹೇಳಿದಾಗ ‘ಇದು ಯಾವ ಬಗೆಯದು’ ಎಂದು ಕೇಳುವುದು ಮನೆಯವರ ಹಕ್ಕು.

ಸ್ಕ್ಯಾನ್ ವಿಷಯ ಬಂದಾಗ ಅನೇಕ ಭಕ್ತರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ. ಎಂ.ಆರ್.ಐ. ಯಂತ್ರದ ಕೋಣೆಗೆ ಬೆಳ್ಳಿಯ ಕರಡಿಗೆಯೂ ಸೇರಿದಂತೆ ಯಾವ ಲೋಹವನ್ನೂ ಒಯ್ಯಲು ಬಿಡುವುದಿಲ್ಲ. ಮೈಮೇಲಿನ ಇಷ್ಟಲಿಂಗವನ್ನು ತೆಗೆಯುವುದು ಹೇಗೆ? ಅಂಜಿಕೆಯಿಂದ ಪರೀಕ್ಷೆಯನ್ನೇ ಬಿಟ್ಟು ಬಂದವರನ್ನು ನಾವು ಕಂಡಿದ್ದೇವೆ. ಶುದ್ಧವಾದ ವಸ್ತ್ರದಲ್ಲಿಟ್ಟು ಮನೆಯವರ ಕೈಗೆ ಒಪ್ಪಿಸಿ, ಪರೀಕ್ಷೆ ಮುಗಿದೊಡನೆ ಧರಿಸಿಕೊಳ್ಳಿರಿ. ಇದರಿಂದ ವ್ರತಕ್ಕೆ ಭಂಗವೇನೂ ಬಾರದು.

ಇನ್ನು ಚಿಕಿತ್ಸೆಯ ಮಾತು. ಇಟಲಿಯ ಅಂಗರಚನಾಶಾಸ್ತ್ರಜ್ಞ ಮೊರ್ಗಾನಿ 1760ರಲ್ಲಿಯೇ ಈ ದೋಷವನ್ನು ಬಣ್ಣಿಸಿದ್ದರೂ ಅದನ್ನು ಸರಿಪಡಿಸುವ ಧೈರ್ಯ ಬರಲು ಸುಮಾರು ಎರಡು ಶತಮಾನ ಹಿಡಿಯಿತು. ದೇಹದ ಅತಿದೊಡ್ಡ ಅಪಧಮನಿಯನ್ನು ಸ್ವಲ್ಪ ಹೊತ್ತು ಹಿಸುಕಿ ನಿಲ್ಲಿಸಿದರೆ ಬೆನ್ನುಹುರಿ ಸತ್ತು ಕಾಲುಗಳು ಸ್ವಾಧೀನ ತಪ್ಪುವುದೆಂಬ ಭಯವಿತ್ತು. 1944ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಶಸ್ತ್ರವೈದ್ಯ ಕ್ಲಾರೆನ್ಸ್ ಕ್ರಾಫೂರ್ಡ್ ಒಬ್ಬ ಬಾಲಕನಿಗೆ ಇಕ್ಕಟ್ಟಾದ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿದು ಸೇರಿಸಿದರು. ಬಾಲಕ ಬದುಕಿದ. ಹನ್ನೆರಡು ದಿನಗಳ ಬಳಿಕ ಅವರು ಎರಡನೆಯ ಶಸ್ತ್ರಚಿಕಿತ್ಸೆಗೆ ಒಳಪಡಿಸಿದ್ದು 27 ವರ್ಷದ ಒಬ್ಬ ರೈತನನ್ನು. ಅಂದರೆ ಈ ಚಿಕಿತ್ಸೆಯ ಇತಿಹಾಸದ ಎರಡನೆಯ ರೋಗಿಯೇ ಪ್ರಾಯಸ್ಥ, ಹೊಲದಲ್ಲಿ ದುಡಿಯುವವನು. ‘ಮಗುವಾಗಿದ್ದಾಗಲೇ ಮಾಡಿಸಬೇಕಿತ್ತು, ಈಗ ಕಾಲ ಮೀರಿತು’ ಎನ್ನುವವರಿಗೆ ನಾವು ಆ ರೈತನ ಕಥೆಯನ್ನು ಹೇಳುತ್ತೇವೆ.

ಇಂದು ಪ್ರಾಯದವರಲ್ಲಿ ಸಾಧ್ಯವಾದೆಡೆಯೆಲ್ಲ ಎದೆ ತೆರೆಯದೆಯೇ ಚಿಕಿತ್ಸೆ ನಡೆಯುತ್ತದೆ. 1980ರ ದಶಕದಲ್ಲಿ ಬಲೂನಿನಿಂದ ಹಿಗ್ಗಿಸುವ ವಿಧಾನ ಬಂದಿತು. ಬಲೂನು ತೆಗೆದ ಮೇಲೆ ಕೆಲವರಲ್ಲಿ ನಾಳ ಮತ್ತೆ ಕುಗ್ಗುತ್ತಿತ್ತು, ಕೆಲವರಲ್ಲಿ ಗೋಡೆ ಉಬ್ಬುತ್ತಿತ್ತು. 1990ರ ದಶಕದಿಂದ ಅಲ್ಲಿಯೇ ಉಳಿದು ಗೋಡೆಗೆ ಆಧಾರವಾಗುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಬಳಕೆಗೆ ಬಂದಿತು. ತೊಡೆಸಂದಿನ ಅಪಧಮನಿಯಿಂದ ತಂತಿಯೊಂದನ್ನು ಇಕ್ಕಟ್ಟಿನ ಆಚೆಗೆ ದಾಟಿಸಿ, ಅದರ ಮೇಲೆ ಬಲೂನಿಗೆ ಸುತ್ತಿದ ಸ್ಟೆಂಟನ್ನು ಸರಿಯಾದ ಜಾಗಕ್ಕೆ ಒಯ್ಯುತ್ತಾರೆ. ಹೃದಯದ ಬಡಿತದ ರಭಸಕ್ಕೆ ಬಲೂನು ಜಾರದಿರಲೆಂದು ಕೆಲವು ಕ್ಷಣ ಹೃದಯವನ್ನು ವೇಗವಾಗಿ ಮಿಡಿಸಿ ರಕ್ತದ ನೂಕನ್ನು ತಗ್ಗಿಸುವುದೂ ಉಂಟು. ಬಲೂನು ಉಬ್ಬಿದಾಗ ಜಾಲರಿ ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇಕ್ಕಟ್ಟಿನ ಮೇಲೆ ಕೆಳಗೆ ಮತ್ತೆ ಒತ್ತಡ ಅಳೆದರೆ ಅಂತರ ಅಳಿದಿರುತ್ತದೆ. ಇಕ್ಕಟ್ಟು ಬಹಳ ಕಿರಿದಾಗಿದ್ದರೆ, ಗೋಡೆ ದುರ್ಬಲವಾಗಿದ್ದರೆ, ವಯಸ್ಸು ಹೆಚ್ಚಾಗಿದ್ದರೆ ಹೊದಿಕೆಯುಳ್ಳ ಸ್ಟೆಂಟನ್ನು ಆರಿಸುತ್ತಾರೆ; ಗೋಡೆ ಹರಿದರೂ ರಕ್ತ ಹೊರಗೆ ಸೋರದಂತೆ ಅದು ತಡೆಯುತ್ತದೆ. ಒಮ್ಮೆಗೇ ಪೂರ್ತಿ ಹಿಗ್ಗಿಸುವುದು ಅಪಾಯವೆನಿಸಿದರೆ ಕೆಲವು ತಿಂಗಳು ಬಿಟ್ಟು ಎರಡನೆಯ ಬಾರಿ ಹಿಗ್ಗಿಸುತ್ತಾರೆ. ಬಹುತೇಕರು ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ.

ಅಪಾಯವೇ ಇಲ್ಲವೆಂದು ಹೇಳಲಾರೆವು. ನಾಳದ ಗೋಡೆ ಹರಿಯಬಹುದು, ಸ್ಟೆಂಟ್ ಜಾರಬಹುದು, ತೊಡೆಸಂದಿನ ನಾಳಕ್ಕೆ ಪೆಟ್ಟಾಗಬಹುದು. ಇವು ವಿರಳವಾದರೂ ನಡೆದಾಗ ಕ್ಷಣಗಳ ಲೆಕ್ಕ. ಆದ್ದರಿಂದಲೇ ಹೃದಯ ಶಸ್ತ್ರವೈದ್ಯರು ಅಲ್ಲಿಯೇ ಸಿದ್ಧವಿರುವ, ಹುಟ್ಟಿನ ಹೃದಯದೋಷಗಳಲ್ಲಿ ಅನುಭವವುಳ್ಳ ಆಸ್ಪತ್ರೆಯಲ್ಲಿಯೇ ಇದನ್ನು ಮಾಡಿಸಬೇಕು. ಹೃದಯಾಘಾತಕ್ಕೆ ಸ್ಟೆಂಟ್ ಹಾಕುವ ಎಲ್ಲೆಡೆಯೂ ಇದು ನಡೆಯುವಂಥದ್ದಲ್ಲ. ಇಕ್ಕಟ್ಟು ಉದ್ದವಾಗಿ ಸೊಟ್ಟಗಿದ್ದರೆ, ಕತ್ತಿನ ಕವಲುಗಳಿಗೆ ಅಂಟಿಕೊಂಡಿದ್ದರೆ, ಕವಾಟವನ್ನೂ ಜೊತೆಗೇ ಸರಿಪಡಿಸಬೇಕಿದ್ದರೆ ಶಸ್ತ್ರಚಿಕಿತ್ಸೆಯೇ ಲೇಸು. ಪ್ರಾಯದವರಲ್ಲಿ ಮಹಾಪಧಮನಿ ಬಿರುಸಾಗಿರುವುದರಿಂದಲೂ ಬಳಸುನಾಳಗಳು ದಪ್ಪವಾಗಿ ರಕ್ತ ಹೆಚ್ಚು ಹೋಗುವುದರಿಂದಲೂ ಅದು ಮಕ್ಕಳಲ್ಲಿ ಮಾಡಿದಷ್ಟು ಸುಲಭವಲ್ಲ.

ಎಲ್ಲರಿಗೂ ಇದು ಬೇಕೆಂದೇನಿಲ್ಲ. ರಕ್ತದೊತ್ತಡ ಹೆಚ್ಚಿದ್ದು, ಮೇಲೆ ಕೆಳಗಿನ ಅಂತರ 20 ಅಥವಾ ಅದಕ್ಕೂ ಮೀರಿದ್ದರೆ ಚಿಕಿತ್ಸೆ ಅಗತ್ಯವೆಂಬುದು ವೈದ್ಯಲೋಕದ ಒಮ್ಮತ. ಮಾತ್ರೆಗಳು ಅದಕ್ಕೆ ಬದಲಿಯಲ್ಲ. ಮಾತ್ರೆಯಿಂದ ತೋಳಿನ ಅಂಕಿಯನ್ನು ಬಲವಂತವಾಗಿ ಇಳಿಸಿದರೆ ಇಕ್ಕಟ್ಟಿನ ಕೆಳಗಿರುವ ಮೂತ್ರಪಿಂಡಗಳಿಗೆ ಇನ್ನಷ್ಟು ಕೊರತೆಯಾಗಬಹುದು; ಅದರಲ್ಲಿಯೂ ರೆನಿನ್‌ನ ಕೆಲಸವನ್ನು ತಡೆಯುವ ಕೆಲವು ಬಿ.ಪಿ. ಔಷಧಿಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಹಾಗೆಂದು ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಚಿಕಿತ್ಸೆಯಾಗುವವರೆಗೆ ಭಾರವಾದ ಮೂಟೆ ಹೊರುವುದು, ಗರಡಿಯ ಕಸರತ್ತು, ಉಸಿರು ಬಿಗಿಹಿಡಿದು ಎತ್ತುವ ಯಾವುದೇ ಕೆಲಸ ಸಲ್ಲದು. ನಮ್ಮ ಆ ಯುವಕನಿಗೆ ಅಂದೇ ಉಗ್ರಾಣದ ಸೇವೆ ಬಿಡಿಸಿ ಪಂಕ್ತಿಯಲ್ಲಿ ನೀರು ಬಡಿಸುವ ಸೇವೆ ವಹಿಸಿದೆವು. ಆತನಿಗೆ ಅದು ಅವಮಾನವೆನಿಸಿತೆಂದು ಮುಖವೇ ಹೇಳುತ್ತಿತ್ತು.

ಚಿಕಿತ್ಸೆಯಾದ ಬಳಿಕ ಆತ ನಗುನಗುತ್ತ ಬಂದು, “ಬುದ್ಧೀ, ಪೂರ್ತಿ ವಾಸಿಯಾಯ್ತು” ಎಂದ. ಆಗಲೂ ನಾವು ಆತನಿಗೆ ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಯಿತು. ಇಕ್ಕಟ್ಟು ನಿವಾರಣೆಯಾದರೂ ವರ್ಷಗಟ್ಟಲೆ ಹೆಚ್ಚಿನ ಒತ್ತಡ ತಾಳಿದ ನಾಳಗಳ ಬಿರುಸು ಉಳಿದಿರುತ್ತದೆ. ಎಷ್ಟು ತಡವಾಗಿ ಚಿಕಿತ್ಸೆಯಾಯಿತೋ ಬಿ.ಪಿ. ಉಳಿಯುವ ಸಂಭವ ಅಷ್ಟು ಹೆಚ್ಚು. ಮಾತ್ರೆಗಳ ಸಂಖ್ಯೆ ಇಳಿಯಬಹುದು, ಕೆಲವರಿಗೆ ಪೂರ್ತಿ ನಿಲ್ಲಬಹುದು, ಹಲವರಿಗೆ ನಿಲ್ಲುವುದಿಲ್ಲ. ಕುಳಿತಾಗ ಸರಿಯಿರುವ ಅಂಕಿ ಶ್ರಮದ ಕೆಲಸದಲ್ಲಿ ಏರುವುದೂ ಉಂಟು. ಸರಿಪಡಿಸಿದ ಜಾಗದಲ್ಲಿ ಮುಂದೆಂದೋ ಗೋಡೆ ಉಬ್ಬಬಹುದು, ಮತ್ತೆ ಕಿರಿದಾಗಬಹುದು, ಜಾಲರಿ ಮುರಿಯಬಹುದು. ಇವಾವುವೂ ಹೇಳಿ ಬರುವುದಿಲ್ಲ, ನೋವನ್ನೂ ಕೊಡುವುದಿಲ್ಲ. ಆದ್ದರಿಂದ ನಿಯತವಾಗಿ ವೈದ್ಯರನ್ನು ಕಾಣಬೇಕು, ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಬದುಕಿರುವಷ್ಟು ಕಾಲ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎಡಬೆನ್ನಿನ ಮೇಲೆ ಹಳೆಯ ಗಾಯದ ಗುರುತನ್ನು ಹೊತ್ತು, ಇಪ್ಪತ್ತು ವರ್ಷಗಳಿಂದ ಯಾವ ಹೃದ್ರೋಗ ತಜ್ಞರನ್ನೂ ಕಾಣದವರು ನಮ್ಮ ಭಕ್ತರಲ್ಲಿಯೂ ಇರಬಹುದು. ಅವರಿಗೂ ಈ ಮಾತು ಅನ್ವಯಿಸುತ್ತದೆ. ಹಲ್ಲು ಒಸಡುಗಳ ಸ್ವಚ್ಛತೆಯೂ ಮುಖ್ಯ. ಬಾಯಿಯಿಂದ ರಕ್ತಕ್ಕೆ ಸೇರಿದ ರೋಗಾಣುಗಳು ಹೃದಯದ ಕವಾಟದ ಮೇಲೆ ನೆಲೆಸಬಲ್ಲವು.

ಮದುವೆಯ ಮಾತನ್ನು ಬಿಡುವಂತಿಲ್ಲ. ಹೆಣ್ಣುಮಕ್ಕಳ ಎದೆಯ ದೋಷವನ್ನು ಮುಚ್ಚಿಟ್ಟು ಲಗ್ನ ಮಾಡುವ ಮನೆಗಳನ್ನು ನಾವು ಕಂಡಿದ್ದೇವೆ. ಸರಿಪಡಿಸದ ತೀವ್ರ ಇಕ್ಕಟ್ಟಿನಲ್ಲಿ ಗರ್ಭ ಧರಿಸುವುದು ತಾಯಿಯ ಜೀವಕ್ಕೇ ಅಪಾಯ. ಬಸಿರಿನಲ್ಲಿ ರಕ್ತದ ಪ್ರಮಾಣ ಏರಿ ಮಹಾಪಧಮನಿಯ ಗೋಡೆ ಹರಿಯುವ ಸಂಭವವಿದೆ. ಮೊದಲೇ ಚಿಕಿತ್ಸೆ ಪಡೆದು, ಸ್ಕ್ಯಾನ್ ಮಾಡಿಸಿ, ಗರ್ಭಿಣಿಯರಿಗೆ ಹಾನಿಕರವಾದ ಬಿ.ಪಿ. ಮಾತ್ರೆಗಳನ್ನು ವೈದ್ಯರಿಂದ ಬದಲಿಸಿಕೊಂಡು ಮುಂದುವರಿದವರಲ್ಲಿ ಬಹುತೇಕರಿಗೆ ಸುಸೂತ್ರ ಹೆರಿಗೆಯಾಗುತ್ತದೆ. ಅಂದಮೇಲೆ ಮುಚ್ಚಿಡುವುದರಿಂದ ಆಗುವ ಕೇಡು ಹೇಳಿಕೊಳ್ಳುವುದರಿಂದ ಆಗದು. ಗಂಡಿನ ಕಡೆಯವರಿಗೂ ನಮ್ಮದೊಂದು ಮಾತು: ಚಿಕಿತ್ಸೆಯಾದ ಹುಡುಗಿಯನ್ನು ಈ ಕಾರಣಕ್ಕೆ ಬೇಡವೆನ್ನುವುದು ಬಸವತತ್ತ್ವವನ್ನು ಒಪ್ಪಿದ ಮನೆಗೆ ತಕ್ಕುದಲ್ಲ. ಎರಡು ದಳದ ಕವಾಟ ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದರಿಂದ, ರೋಗಿಯ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಎಕೋ ಮಾಡಿಸಿಕೊಳ್ಳುವುದು ಒಳಿತು.

ಖರ್ಚಿನ ಅಂಜಿಕೆ ಸಹಜ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಮೈಸೂರಿನಲ್ಲಿಯೂ ಕಲಬುರಗಿಯಲ್ಲಿಯೂ ಶಾಖೆಗಳಿವೆ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಿನ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಒಯ್ದು, ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ತಮಗೆ ಹೇಳಿದ ಚಿಕಿತ್ಸೆ ಮತ್ತು ಸ್ಟೆಂಟ್ ಯೋಜನೆಗೆ ಒಳಪಡುತ್ತದೆಯೇ ಎಂದು ಕೇಳಿಕೊಳ್ಳಿರಿ. ಸಾಲ ಮಾಡಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಈ ವರ್ಷದ ಜಾತ್ರೆಯ ಶಿಬಿರದಲ್ಲಿ, 40 ವರ್ಷದೊಳಗಿನ ಯಾರಿಗೇ ಬಿ.ಪಿ. ಹೆಚ್ಚು ಕಂಡುಬಂದರೂ ಕಾಲಿನ ಒತ್ತಡವನ್ನೂ ಅಳೆಯುವಂತೆ ವೈದ್ಯರನ್ನು ಕೋರಿದ್ದೇವೆ. ಅಗಲವಾದ ಎರಡು ಪಟ್ಟಿಗಳನ್ನು ಮಠದಿಂದಲೇ ತರಿಸಲಾಗಿದೆ. ಹೆಣ್ಣುಮಕ್ಕಳಿಗೆ ಪರದೆಯ ಮರೆಯಲ್ಲಿ ಮಹಿಳಾ ವೈದ್ಯರಿಂದ ತಪಾಸಣೆಯ ವ್ಯವಸ್ಥೆಯಿದೆ. ಹಳೆಯ ಎಕ್ಸ್-ರೇ, ಎಕೋ ವರದಿಗಳಿದ್ದರೆ ಮರೆಯದೆ ತನ್ನಿರಿ. ಸರದಿಯ ಚೀಟಿ ಕೊಡುವ ಮೇಜಿನಲ್ಲಿ ಆ ಯುವಕನೇ ಕುಳಿತಿರುತ್ತಾನೆ.